ಎರಡು ಲ್ಯಾಪ್‌ಟಾಪು, ಒಂದು ಹಾಟ್‌ಸ್ಪಾಟು, ಟೊಮ್ಯಾಟೊ ಮಂಡಿ: ಡಿಸ್ಟ್ರಿಬ್ಯೂಟೆಡ್ ಆಪ್ ಕಟ್ಟೋದು ಕಲಿಯೋದು ಹೆಂಗೆ

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆ ಇಂಜಿನಿಯರಿಂಗ್ ಓದ್ತಿರೋರು ಕೇಳೋದು ಒಂದೇ ಪ್ರಶ್ನೆ, ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ (ಒಂದೇ ಕೆಲಸಾನ ಹಲವು ಮಿಷಿನ್ನಿಗೆ ಹಂಚಿ ಓಡಿಸೋದು) ಕಲಿಬೇಕು, ಮೊದ್ಲು ಕುಬರ್ನೆಟಿಸ್ ಕಲೀಲಾ ಕಾಫ್ಕಾ ಕಲೀಲಾ ಅಂತ. ಕುಬರ್ನೆಟಿಸ್ ಅಂದ್ರೆ ಬೇಜಾನ್ ಮಿಷಿನ್ನಲ್ಲಿ ಆಪ್ ಓಡಿಸಿ ನೋಡ್ಕೊಳ್ಳೋ ಸಾಫ್ಟ್‌ವೇರು, ಕಾಫ್ಕಾ ಅಂದ್ರೆ ಮಿಷಿನ್‌ಗಳ ಮಧ್ಯ ಮೆಸೇಜ್ ಸಾಗಿಸೋದು. ಎರಡೂ ಈಗ್ಲೇ ಬೇಡ. ಅವು ಸಾವಿರಾರು ಮಿಷಿನ್ ಇಟ್ಕೊಂಡಿರೋರ ತಲೆನೋವಿನ ಮಾತ್ರೆ ಕಣ್ರೀ, ತಲೆನೋವೇ ಬರದೆ ಮಾತ್ರೆ ನುಂಗಿದ್ರೆ ಏನ್ ಗೊತ್ತಾಗುತ್ತೆ. ಒಂದು ಚಿಕ್ಕ ಆಪ್ ಕಟ್ಟಿ, ಎರಡು ಮಿಷಿನ್ನಿಗೆ ಹಂಚಿ, ಆಮೇಲೆ ಬೇಕಂತ್ಲೇ ಕೆಡಿಸಿ ನೋಡಿ. ಕಲಿಯೋದೆಲ್ಲ ಆ ಕೆಡಿಸೋದ್ರಲ್ಲೇ ಇದೆ.

ಪ್ರಾಜೆಕ್ಟಿಗೆ ನಮ್ಮ ಟೊಮ್ಯಾಟೊ ಮಂಡಿನೇ ತಗೊಳ್ಳಿ. ಎಪಿಎಂಸಿಲಿ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜು ನಡೆಯೋದು ಗೊತ್ತಲ್ಲ. ರೈತನ ಹೆಸರು, ಲಾಟ್ ನಂಬರು, ಎಷ್ಟು ಬಾಕ್ಸು, ಎಷ್ಟಕ್ಕೆ ಹೋಯ್ತು, ಯಾರು ತಗೊಂಡ್ರು, ಇಷ್ಟು ಬರ್ಕೊಳ್ಳೋ ಆಪ್ ಸಾಕು. ಪೈಥಾನೋ ಜಾವಾನೋ ಗೋನೋ ಯಾವ್ದು ಬರುತ್ತೋ ಅದ್ರಲ್ಲೇ ಬರೀರಿ, ಡೇಟಾಬೇಸ್ ಪೋಸ್ಟ್‌ಗ್ರೆಸ್ ಇರ್ಲಿ, ಮೊದ್ಲು ಎಲ್ಲಾ ಒಂದೇ ಲ್ಯಾಪ್‌ಟಾಪಲ್ಲಿ ಓಡ್ಲಿ.

ಈಗ ಫ್ರೆಂಡ್ ಲ್ಯಾಪ್‌ಟಾಪ್ ಇಸ್ಕೊಳ್ಳಿ. ಎರಡನ್ನೂ ಒಂದೇ ಫೋನಿನ ಹಾಟ್‌ಸ್ಪಾಟಿಗೆ ಹಾಕಿ, ಅದೇ ಸರ್ವರ್ ಇನ್ನೊಂದರಲ್ಲೂ ಓಡಿಸಿ, ಮುಂದೆ ಎಂಜಿನ್ಎಕ್ಸ್ (nginx) ಅನ್ನೋ ಸಾಫ್ಟ್‌ವೇರ್ ನಿಲ್ಲಿಸಿ ಬಂದ ರಿಕ್ವೆಸ್ಟನ್ನ ಎರಡು ಸರ್ವರಿಗೂ ಹಂಚಿ. ಲಾಗಿನ್ ವಿವರಾನ ಸರ್ವರ್ ಮೆಮೊರಿಲಿ ಇಟ್ಟಿದ್ರೆ ತಕ್ಷಣ ಎಡವಟ್ಟಾಗುತ್ತೆ, ಒಂದು ಸರ್ವರ್ ಗುರುತು ಹಿಡಿಯುತ್ತೆ, ಇನ್ನೊಂದು ನೀವ್ಯಾರು ಅನ್ನುತ್ತೆ. ಈ ಲಾಗಿನ್ ವಿವರಾನ, ಅಂದ್ರೆ ಸೆಷನ್ನನ್ನ, ಎರಡೂ ಸರ್ವರಿಗೆ ಸಿಗೋ ಹಾಗೆ ರೆಡಿಸ್‌ಗೋ (ಡೇಟಾನ ಮೆಮೊರಿಲಿ ಇಡೋ ಬೇರೆ ಸರ್ವರು) ಡೇಟಾಬೇಸಿಗೋ ಸಾಗಿಸಿದ್ರೆ ಇದು ಮುಗೀತು.

ಅಸಲಿ ವಿಷ್ಯ ಇನ್ಮೇಲೆ. ಮಂಡಿ ಹುಡುಗ 40 ಬಾಕ್ಸ್ ಎಂಟ್ರಿ ಮಾಡಿ ಸೇವ್ ಒತ್ತಿದ, ಚಕ್ರ ತಿರುಗ್ತಾ ತಿರುಗ್ತಾ ಟೈಮ್‌ಔಟ್ ಆಯ್ತು. ಏನಾಗಿರ್ಬೋದು? ರಿಕ್ವೆಸ್ಟ್ ಸರ್ವರಿಗೆ ಮುಟ್ಟೇ ಇಲ್ದಿರಬಹುದು, ಮುಟ್ಟಿ ಅರ್ಧದಲ್ಲಿ ಸರ್ವರ್ ಬಿದ್ದಿರಬಹುದು, ಇಲ್ಲಾ ಎಂಟ್ರಿ ಸರಿಯಾಗೇ ಆಗಿ ಉತ್ತರ ಮಾತ್ರ ದಾರೀಲಿ ಕಳೆದುಹೋಗಿರಬಹುದು. ಫೋನಿಗೆ ಮೂರೂ ಒಂದೇ ಥರ ಕಾಣ್ಸುತ್ತೆ. ಯುಪಿಐನಲ್ಲಿ ಅಕೌಂಟಿಂದ ದುಡ್ಡು ಹೋಗಿ ಅಂಗಡಿಯೋರಿಗೆ ಬಂದಿಲ್ಲ ಅಂತ ನಿಂತ್ಕೊಂಡು ಕಾಯ್ತೀವಲ್ಲ, ಅದೂ ಇದೇ ಜಾತಿ ಸಮಸ್ಯೆ. ಹುಡುಗ ಸುಮ್ನಿರ್ತಾನಾ, ಮತ್ತೆ ಒತ್ತುತಾನೆ. ಮೊದಲ ಎಂಟ್ರಿ ಆಗಿಬಿಟ್ಟಿದ್ರೆ 40 ಬಾಕ್ಸ್ 80 ಆಗುತ್ತೆ, ಸಾಯಂಕಾಲ ಲೆಕ್ಕ ಮಾಡುವಾಗ ಜಗಳ.

ಇದಕ್ಕೆ ಔಷಧಿ ಐಡೆಂಪೊಟೆನ್ಸಿ ಕೀ, ಅಂದ್ರೆ ಒಂದೇ ಎಂಟ್ರಿ ಎಷ್ಟು ಸಲ ಬಂದ್ರೂ ಒಂದೇ ಅಂತ ಗುರುತು ಹಿಡಿಯೋ ನಂಬರು. ಎಂಟ್ರಿ ಫಾರ್ಮ್ ತೆರೆದಾಗ್ಲೇ ಫೋನು ಒಂದು ಯುಯುಐಡಿ (ಇನ್ನೊಂದಕ್ಕೆ ಹೊಂದದ ಉದ್ದನೆ ನಂಬರು) ಹುಟ್ಟಿಸ್ಬೇಕು, ಎಷ್ಟು ಸಲ ಸೇವ್ ಒತ್ತಿದ್ರೂ ಅದೇ ಕೀ ಹೋಗ್ಬೇಕು (ಪ್ರತಿ ಸಲ ಹೊಸ ಕೀ ಮಾಡೋರು ಬೇಜಾನ್ ಜನ ಇದಾರೆ, ಅದು ಮಾಡಿದ್ರೂ ಒಂದೇ ಬಿಟ್ರೂ ಒಂದೇ). ಡೇಟಾಬೇಸಲ್ಲಿ ಆ ಕಾಲಮ್ಮಿಗೆ ಯುನೀಕ್ ಕಟ್ಟಿ (ಅದೇ ಕೀ ಎರಡು ಸಲ ಇರೋ ಹಾಗಿಲ್ಲ ಅನ್ನೋ ನಿಯಮ), ಕೀನೂ ಎಂಟ್ರಿನೂ ಒಂದೇ ಟ್ರಾನ್ಸಾಕ್ಷನ್ನಲ್ಲಿ ಬರೀರಿ (ಆದ್ರೆ ಎರಡೂ ಆಗ್ಬೇಕು, ಇಲ್ಲಾಂದ್ರೆ ಎರಡೂ ಇಲ್ಲ), ಎರಡನೇ ಸಲ ಅದೇ ಕೀ ಬಂದ್ರೆ ಎರರ್ ಕೊಡ್ಬೇಡಿ, ಹಳೇ ಉತ್ತರಾನೇ ವಾಪಸ್ ಕಳ್ಸಿ.

ಕೆಲಸ ಮಾಡುತ್ತಾ ಅಂತ ನೋಡೋದು ಹೆಂಗೆ? ಕೋಡಲ್ಲಿ ಕಮಿಟ್ ಆದ್ಮೇಲೆ (ಡೇಟಾಬೇಸಲ್ಲಿ ಎಂಟ್ರಿ ಪಕ್ಕಾ ಆದ್ಮೇಲೆ), ಉತ್ತರ ಕಳಿಸೋಕೆ ಮುಂಚೆ ಹತ್ತು ಸೆಕೆಂಡ್ ಸ್ಲೀಪ್ ಹಾಕಿ, ಆ ಗ್ಯಾಪಲ್ಲಿ ಸರ್ವರ್ ಸಾಯಿಸಿ. ಲಿನಕ್ಸಲ್ಲಿ ಟಿಸಿ ಕಮಾಂಡಿನ ಜೊತೆ ನೆಟೆಮ್ ಅಂತಿದೆ, ಬೇಕಂತ್ಲೇ 300 ಮಿಲಿಸೆಕೆಂಡ್ ತಡ, ನೂರಕ್ಕೆ ಐದು ಪ್ಯಾಕೆಟ್ ಕಳ್ಕೊಳ್ಳೋದು ಎಲ್ಲಾ ಮಾಡ್ಬೋದು. ಒಳ್ಳೆ ವೈಫೈಲಿ ಟೆಸ್ಟ್ ಮಾಡಿ ಆಯ್ತು ಅನ್ನೋರನ್ನ ನಾನಂತೂ ನಂಬಲ್ಲ.

ಆಪ್ ತಾನೇ ಮತ್ತೆ ಮತ್ತೆ ಕಳ್ಸೋದಾದ್ರೆ ಒಂದು ಸೆಕೆಂಡ್, ಎರಡು, ನಾಲ್ಕು ಅಂತ ಗ್ಯಾಪ್ ಹೆಚ್ಚಿಸ್ತಾ ಹೋಗಿ, ಸ್ವಲ್ಪ ರ‍್ಯಾಂಡಮ್ಮೂ ಸೇರಿಸಿ. 2023ರ ಜುಲೈಲಿ ಬಾಕ್ಸ್ 2000 ರೂಪಾಯಿ ದಾಟಿತ್ತಲ್ಲ, ಅಂಥ ದಿನ ಎಲ್ರೂ ಒಟ್ಟಿಗೆ ರೇಟ್ ನೋಡೋಕೆ ಬರ್ತಾರೆ, ಬಿದ್ದ ಸರ್ವರ್ ಎದ್ದೇಳೋ ಹೊತ್ತಿಗೆ ಎಲ್ಲಾ ಫೋನೂ ಒಂದೇ ಸಲ ಬಡಿದ್ರೆ ಮತ್ತೆ ಮಲಗುತ್ತೆ.

ಹರಾಜಲ್ಲಿ ಯಾರು ಮೊದ್ಲು ಕೂಗಿದ್ದು ಅನ್ನೋದನ್ನ ಎರಡು ಲ್ಯಾಪ್‌ಟಾಪಿನ ಗಡಿಯಾರ ನೋಡಿ ತೀರ್ಮಾನ ಮಾಡೋಕೆ ಹೋಗ್ಬೇಡಿ, ಅವು ಯಾವತ್ತೂ ಪೂರ್ತಿ ಹೊಂದಲ್ಲ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಇದ್ರ ಮೇಲೆ ಪೇಪರ್ ಬರೆದಿದಾರೆ, ಮೊದಲರ್ಧ ಆದ್ರೂ ಓದಿ. ನಮ್ಮ ಆಪಿಗೆ ಸುಲಭದ ದಾರಿ, ಒಂದು ಲಾಟಿಗೆ ಒಂದೇ ಜಾಗ (ಒಂದು ಸರ್ವರೋ ಡೇಟಾಬೇಸೋ) ಯಜಮಾನ, ಅಲ್ಲಿ ಸಾಲಾಗಿ ನಂಬರ್ ಕೊಡ್ತಾ ಹೋಗೋದು.

ರೈತನಿಗೆ ಎಸ್ಎಂಎಸ್ ಕಳಿಸೋದನ್ನ ಕ್ಯೂಗೆ (ಆಮೇಲೆ ಮಾಡೋ ಕೆಲಸಗಳ ಸಾಲಿಗೆ) ಹಾಕಿ, ಅದಕ್ಕೆ ರ‍್ಯಾಬಿಟ್‌ಎಂಕ್ಯೂ ಅನ್ನೋ ಸಾಫ್ಟ್‌ವೇರ್ ಸಾಕು. ಅಲ್ಲೂ ಒಂದೇ ಮೆಸೇಜ್ ಎರಡು ಸಲ ಬರಬಹುದು, ಆದ್ರಿಂದ ಮೇಲಿನ ಕೀ ಕಥೆ ಅಲ್ಲೂ ಬೇಕು.

ಆಮೇಲೆ ಪೋಸ್ಟ್‌ಗ್ರೆಸ್‌ಗೆ ಎರಡನೇ ಲ್ಯಾಪ್‌ಟಾಪಲ್ಲಿ ರೆಪ್ಲಿಕಾ (ತಾನಾಗೇ ಅಪ್‌ಡೇಟ್ ಆಗೋ ನಕಲು) ಮಾಡಿ, ಇಲ್ಲಿ ಬರೆದು ತಕ್ಷಣ ಅಲ್ಲಿ ಓದಿ, ಕೆಲವು ಸಲ ಹಳೇ ರೇಟೇ ಬರುತ್ತೆ. ಎರಡರ ಮಧ್ಯ ನೆಟ್‌ವರ್ಕ್ ಕಿತ್ತು ಹೋದಾಗ ಹಳೇದಾದ್ರೂ ತೋರಿಸ್ಬೇಕಾ, ಇಲ್ಲ ಈಗ ಆಗಲ್ಲ ಅನ್ಬೇಕಾ? ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಹೇಳಿ, ಗಿಲ್ಬರ್ಟ್ ಮತ್ತೆ ಲಿಂಚ್ 2002ರಲ್ಲಿ ಸಾಬೀತು ಮಾಡಿದ ಕ್ಯಾಪ್ (CAP) ಸಿದ್ಧಾಂತ ಇದೇ, ನೆಟ್‌ವರ್ಕ್ ಕಿತ್ತಾಗ ಎರಡರಲ್ಲಿ ಒಂದನ್ನ ಬಿಡ್ಲೇಬೇಕು ಅಂತ. ನನ್ನ ಪ್ರಕಾರ ರೇಟ್ ಪಟ್ಟಿ ಹಳೇದಿದ್ರೂ ನಡೆಯುತ್ತೆ, ದುಡ್ಡಿನ ಲೆಕ್ಕಕ್ಕೆ ಮಾತ್ರ ಆಗಲ್ಲ ಅಂತ ಹೇಳೋದೇ ವಾಸಿ.

ಇಷ್ಟು ಕೈಗೆ ಹತ್ತಿದ್ಮೇಲೆ ಅಮೆರಿಕದ ಎಂಐಟಿಯೋರ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಕೋರ್ಸು ಹಿಡೀರಿ, ನಂಬರು 6.824, ಈಗ 6.5840, ಲೆಕ್ಚರು ಯೂಟ್ಯೂಬಲ್ಲಿ ಫ್ರೀ. ಲ್ಯಾಬೆಲ್ಲ ಗೋನಲ್ಲಿ. ಅದ್ರಲ್ಲಿ ರಾಫ್ಟ್ ನೀವೇ ಬರೀಬೇಕು, ಮೂರು ಮಿಷಿನ್ನಲ್ಲಿ ಒಂದು ಸತ್ರೂ ಐದರಲ್ಲಿ ಎರಡು ಸತ್ರೂ ಉಳಿದೋರು ಬಹುಮತದ ಮೇಲೆ ಕೆಲಸ ಮುಂದುವರಿಸೋ ವಿಧಾನ ಅದು. ಟೆಸ್ಟು ಒಂದು ಸಲ ಪಾಸಾಯ್ತು ಅಂತ ಬಿಡ್ಬೇಡಿ, ರಾತ್ರಿಯೆಲ್ಲ ಲೂಪಲ್ಲಿ ಓಡಿಸಿ, ಬೆಳಿಗ್ಗೆ ಎದ್ದು ಲಾಗ್ ನೋಡಿ.