ಮಕ್ಕಳ ಜೊತೆ ಆಟದ ಪಾರ್ಕಿಗೆ ಹೋಗುವಾಗ: ಏನು ಕೇಳಬೇಕು, ಯಾರನ್ನು ಕೇಳಬೇಕು

ಮಗಳಿಗೆ ಆಗ ಆರು ವರ್ಷ. ನಲವತ್ತು ನಿಮಿಷ ಕ್ಯೂನಲ್ಲಿ ನಿಂತು ರೈಡಿನ ಗೇಟಿನ ಹತ್ತಿರ ಬಂದರೆ ಅಲ್ಲಿ ಎತ್ತರ ಅಳೆಯುವ ಹಲಗೆ. ಅವಳು ಅದಕ್ಕೆ ಬೆನ್ನು ಕೊಟ್ಟು ನಿಂತಳು. ಕುತ್ತಿಗೆ ಉದ್ದ ಮಾಡಿದಳು, ಮೆಲ್ಲಗೆ ಹಿಮ್ಮಡಿ ಎತ್ತಿದಳು. ಜುಟ್ಟು ಗೆರೆ ಮುಟ್ಟಿತು, ತಲೆ ಮುಟ್ಟಲಿಲ್ಲ. ಎರಡು ಬೆರಳಷ್ಟು ಕಮ್ಮಿ. ತುಟಿ ಅದುರೋಕೆ ಶುರುವಾಯಿತು. ಹಿಂದೆ ಅಷ್ಟು ಜನ ಕಾಯುತ್ತಿದ್ದರು, ಗೇಟಿನಲ್ಲಿದ್ದ ಹುಡುಗ ಅವಳನ್ನು ಪಕ್ಕಕ್ಕೆ ಕಳಿಸಿ ಮುಂದಿನವರನ್ನು ಕರೆಯಬಹುದಿತ್ತು. ಅವನು ಮಂಡಿಯೂರಿ ಕೂತ. "ಪುಟ್ಟಿ, ಸೀಟಿನ ಕಂಬಿ ನಿನ್ನನ್ನ ಗಟ್ಟಿಯಾಗಿ ಹಿಡ್ಕೊಬೇಕಲ್ವಾ, ಅದಕ್ಕೆ ನೀನು ಇನ್ನೊಂಚೂರು ಬೆಳೀಬೇಕು. ಅಲ್ನೋಡು, ಆ ದೋಣಿ ರೈಡಿಗೆ ನೀನು ಈಗ್ಲೇ ಸರಿಯಾಗಿದ್ದೀಯ" ಅಂದ. ಅವಳು ಕಣ್ಣೊರೆಸಿಕೊಂಡು ದೋಣಿ ಕಡೆ ನೋಡಿದಳು.

ಆ ಒಂದು ನಿಮಿಷ ನಮ್ಮ ದಿನವನ್ನು ಉಳಿಸಿತು. ಆದರೆ ಆ ನಲವತ್ತು ನಿಮಿಷ ಹಾಳಾಗಿದ್ದು ನನ್ನಿಂದ. ಎತ್ತರದ ಮಿತಿ ಅವರ ವೆಬ್‌ಸೈಟಿನಲ್ಲೇ ಇತ್ತು, ನಾನು ನೋಡಿರಲಿಲ್ಲ, ಫೋನ್ ಮಾಡಿ ಕೇಳಿರಲೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋದ ದಿನ ಚೆನ್ನಾಗಿರುತ್ತೋ ಇಲ್ಲವೋ ಅನ್ನೋದು ಪಾರ್ಕು ಎಷ್ಟು ದೊಡ್ಡದು ಅನ್ನೋದಕ್ಕಿಂತ, ನಾವು ಯಾರನ್ನು, ಯಾವಾಗ, ಹೇಗೆ ಕೇಳುತ್ತೇವೆ ಅನ್ನೋದರ ಮೇಲೆ ಜಾಸ್ತಿ ನಿಂತಿದೆ. ಇಷ್ಟು ವರ್ಷ ಎರಡು ಮಕ್ಕಳ ಜೊತೆ ಓಡಾಡಿ ನನಗೆ ಗೊತ್ತಾಗಿದ್ದು ಇದು.

ಹೊರಡುವ ಮುನ್ನ

ಹಿಂದಿನ ದಿನ ಮಗುವನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ. ತಲೆಯ ಮೇಲೆ ಒಂದು ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದರೆ ಸಾಕು. ಆಮೇಲೆ ಪಾರ್ಕಿನ ಪಟ್ಟಿ ತೆಗೆದು, ಯಾವ ರೈಡಿಗೆ ಹೋಗಬಹುದು, ಯಾವುದಕ್ಕೆ ಆಗಲ್ಲ ಅಂತ ಮಗುವಿನ ಜೊತೆಗೇ ಕೂತು ನೋಡಿ. ಎತ್ತರದ ನಿಯಮ ಸುಮ್ನೆ ಇಟ್ಟಿದ್ದಲ್ಲ. ಸೀಟಿನ ಕಂಬಿ, ಬೆಲ್ಟು ಎಲ್ಲ ಒಂದು ಅಳತೆಯ ಮೈಗೆ ಅಂತ ಮಾಡಿರುತ್ತಾರೆ. ಮಗು ಅದಕ್ಕಿಂತ ಚಿಕ್ಕದಿದ್ದರೆ ತಿರುವಿನಲ್ಲಿ, ಇಳಿಜಾರಿನಲ್ಲಿ ಕಂಬಿಯ ಕೆಳಗೆ ಜಾರಿಹೋಗುವ ಅಪಾಯ ಇರುತ್ತದೆ. ಹಾಗಾಗಿ ಗೇಟಿನಲ್ಲಿ "ಒಂದು ಸಲ ಬಿಡಿ, ನಾನು ಪಕ್ಕದಲ್ಲೇ ಕೂರ್ತೀನಲ್ಲ" ಅಂತ ಒತ್ತಾಯ ಮಾಡಬೇಡಿ. ಆ ವೇಗದಲ್ಲಿ ನಮ್ಮ ಕೈಗೆ ಮಗುವನ್ನು ಹಿಡಿದಿಡುವ ಶಕ್ತಿ ಇರಲ್ಲ.

ಟಿಕೆಟ್ ತೆಗೆಯುವ ಮುಂಚೆ ಫೋನ್ ಮಾಡಿ. ನಾಳೆ ಯಾವ ರೈಡು ರಿಪೇರಿಯಲ್ಲಿದೆ? ಮಗುವಿಗೆ ಜ್ವರ ಬಂದರೆ ತಾರೀಕು ಬದಲಾಯಿಸಬಹುದಾ? ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತೀರಾ? ಈ ಮೂರು ನಾನು ಕೇಳದೆ ಬಿಡಲ್ಲ. ಉತ್ತರವನ್ನು ಮೆಸೇಜಿನಲ್ಲೋ ಇಮೇಲಿನಲ್ಲೋ ಬರೆದು ಕಳಿಸಿ ಅಂತ ಕೇಳಿ, ಯಾಕಂದ್ರೆ ಫೋನಿನಲ್ಲಿ ಒಬ್ಬರು ಹೇಳಿದ್ದು ಕೌಂಟರಿನಲ್ಲಿ ಕೂತ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಆಗ ನಿಮ್ಮ ಮಾತಿಗೆ ಸಾಕ್ಷಿ ಇರಲ್ಲ. ಶಬ್ದಕ್ಕೆ, ಗದ್ದಲಕ್ಕೆ ತುಂಬಾ ಹೆದರುವ ಮಗು ಇದ್ದರೆ ಅದನ್ನೂ ಈಗಲೇ ಹೇಳಿ. ಜನ ಕಮ್ಮಿ ಇರುವ ಹೊತ್ತು ಯಾವುದು ಅಂತ ಒಳಗಿನವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.

ಹೊರಡುವ ಬೆಳಿಗ್ಗೆ ಮನೆ ಬಾಗಿಲಲ್ಲೇ ಮಕ್ಕಳ ಒಂದು ಫೋಟೋ ತೆಗೆಯಿರಿ, ತಲೆಯಿಂದ ಕಾಲಿನವರೆಗೆ. ತಪ್ಪಿಸಿಕೊಂಡರೆ ಯಾವ ಬಣ್ಣದ ಅಂಗಿ ಅಂತ ಗಾಬರಿಯಲ್ಲಿ ನೆನಪಾಗಲ್ಲ. ಮುಂಗೈ ಒಳಭಾಗದಲ್ಲಿ ನಿಮ್ಮ ಫೋನ್ ನಂಬರ್ ಪೆನ್ನಿನಲ್ಲಿ ಬರೆಯಿರಿ. ಪಾರ್ಕಿನ ಒಳಗೆ ಕಾಲಿಟ್ಟ ತಕ್ಷಣ ಅಲ್ಲಿನ ಕೆಲಸದವರ ಸಮವಸ್ತ್ರ ತೋರಿಸಿ, "ನಾನು ಕಾಣದಿದ್ದರೆ ಈ ಬಟ್ಟೆ ಹಾಕಿದವರ ಹತ್ತಿರ ಹೋಗು" ಅಂತ ಹೇಳಿಕೊಡಿ.

ಕ್ಯೂನಲ್ಲಿ

"ಅಮ್ಮಾ, ಇನ್ನೂ ಎಷ್ಟೊತ್ತು?" ಈ ಪ್ರಶ್ನೆಗೆ "ಆಯ್ತು, ಬಂತು" ಅಂತ ಉತ್ತರ ಕೊಟ್ಟರೆ ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಡೇವಿಡ್ ಮೈಸ್ಟರ್ ಅನ್ನುವವರು 1985ರಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಬರೆದ ಲೇಖನ ಒಂದಿದೆ. ಕೈಯಲ್ಲಿ ಏನೂ ಕೆಲಸ ಇಲ್ಲದೆ ಕಾದ ಹೊತ್ತು ಜಾಸ್ತಿ ಅನಿಸುತ್ತದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾದದ್ದು ಇನ್ನೂ ಜಾಸ್ತಿ ಅನಿಸುತ್ತದೆ, ಯಾಕೆ ತಡ ಅಂತ ಯಾರೂ ಹೇಳದಿದ್ದರೂ ಹಾಗೆಯೇ ಅಂತ ಅವರು ಹೇಳಿದ್ದು. ಮಕ್ಕಳ ಜೊತೆ ಒಂದು ಸಲ ಕ್ಯೂನಲ್ಲಿ ನಿಂತವರಿಗೆ ಇದು ಎಷ್ಟು ನಿಜ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಗೇಟಿನವರನ್ನೇ ಕೇಳಿ: ಒಂದು ಸುತ್ತಿಗೆ ಎಷ್ಟು ಜನ ಹೋಗುತ್ತಾರೆ, ಒಂದು ಸುತ್ತು ಎಷ್ಟು ನಿಮಿಷ? ಮುಂದಿರುವವರನ್ನು ಮಗುವೇ ಎಣಿಸಲಿ. "ಇನ್ನು ಮೂರು ಸುತ್ತು ಆದಮೇಲೆ ನಾವು" ಅಂತ ಗೊತ್ತಾದ ಮಗು ರಚ್ಚೆ ಹಿಡಿಯುವುದು ಕಮ್ಮಿ, ಪ್ರತಿ ಸುತ್ತಿಗೂ ಒಂದೊಂದು ಬೆರಳು ಮಡಚುತ್ತಾ ನಿಲ್ಲುತ್ತದೆ. ನನ್ನ ಮಗ ಇವತ್ತಿಗೂ ಹಾಗೇ ಮಾಡುತ್ತಾನೆ. ಫೋನನ್ನು ಮೊದಲೇ ಕೈಗೆ ಕೊಡಬೇಡಿ, ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ.

ಜಾರುಬಂಡೆ, ಟ್ರ್ಯಾಂಪೊಲಿನ್

ಪುಟ್ಟ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರುಬಂಡೆಯಲ್ಲಿ ಇಳಿಯುವುದು ಹುಷಾರಿನ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಮಾಡುತ್ತಿದ್ದೆ. ನಿಜ ಬೇರೆ. ಮಗುವಿನ ಶೂ ಅಂಚಿಗೆ ಸಿಕ್ಕಿಕೊಂಡರೆ ಕಾಲು ಅಲ್ಲೇ ನಿಲ್ಲುತ್ತದೆ, ದೊಡ್ಡವರ ಭಾರ ಮಾತ್ರ ಮುಂದಕ್ಕೆ ಎಳೆಯುತ್ತದೆ, ಮೊಣಕಾಲಿನ ಕೆಳಗಿನ ಮೂಳೆ ತಿರುಚಿ ಮುರಿಯಬಹುದು. ಒಂಟಿಯಾಗಿ ಜಾರುವ ಮಗು ಸಿಕ್ಕಿಕೊಂಡರೂ ಅದರ ಭಾರ ಕಮ್ಮಿ, ನಿಂತುಬಿಡುತ್ತದೆ. ಒಂಟಿಯಾಗಿ ಆಗದಷ್ಟು ಚಿಕ್ಕದಿದ್ದರೆ ಆ ಜಾರುಬಂಡೆ ಬೇಡ, ಸಣ್ಣದು ನೋಡಿ.

ಟ್ರ್ಯಾಂಪೊಲಿನ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಹಾರಲಿ. ದೊಡ್ಡವರ ಜೊತೆ ಹಾರುವಾಗ ಪೆಟ್ಟಾಗುವುದು ಜಾಸ್ತಿ ಚಿಕ್ಕವರಿಗೇ.

ಏನಾದರೂ ಎಡವಟ್ಟಾದಾಗ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಾನು ಅತಿ ಹೆಚ್ಚು ತಪ್ಪು ಮಾಡಿದ್ದು ಇಲ್ಲೇ.

ಒಂದು ಸಲ ತಿಂಗಳ ಮುಂಚೆ ಬುಕ್ ಮಾಡಿ ಹೋಗಿದ್ದೆವು. ಮಕ್ಕಳು ಕಾಯುತ್ತಿದ್ದ ನೀರಿನ ರೈಡು ಪೂರ್ತಿ ಬಂದ್. ಟಿಕೆಟ್ ತೆಗೆಯುವಾಗ ಯಾರೂ ಹೇಳಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಟಿಕೆಟ್ ಕೌಂಟರಿನಲ್ಲಿದ್ದ ಹುಡುಗಿಯ ಮೇಲೆ ಕೂಗಾಡಿದೆ, ಅವಳು "ನಮ್ಮ ಕೈಲಿಲ್ಲ ಮೇಡಂ" ಅಂತ ನಾಲ್ಕು ಸಲ ಹೇಳಿದಳು. ನಿಜವಾಗಲೂ ಅವಳ ಕೈಲಿರಲಿಲ್ಲ. ಪಕ್ಕದಲ್ಲಿ ನಿಂತ ಮಗ ನನ್ನ ಸೆರಗು ಎಳೆದು "ಅಮ್ಮ, ಪರ್ವಾಗಿಲ್ಲ ಬಿಡು, ಹೋಗೋಣ" ಅಂದ. ಅವನು ಹೆದರಿದ್ದು ರೈಡು ಇಲ್ಲ ಅಂತ ಅಲ್ಲ, ನನ್ನ ದನಿಗೆ. ದುಡ್ಡೂ ವಾಪಸ್ ಬರಲಿಲ್ಲ, ದಿನವೂ ಹೋಯಿತು.

ಈಗ ನಾವು ಮಾಡುವುದು ಹೀಗೆ. ದೊಡ್ಡವರು ಇಬ್ಬರಿದ್ದರೆ ಒಬ್ಬರು ಮಕ್ಕಳನ್ನು ಬೇರೆ ಆಟಕ್ಕೆ ಕರೆದುಕೊಂಡು ಹೋಗುತ್ತೇವೆ, ಇನ್ನೊಬ್ಬರು ಮಾತಾಡುತ್ತೇವೆ. ಕೌಂಟರಿಗೆ ಹೋಗುವ ಮುಂಚೆಯೇ ಟಿಕೆಟ್ ಮತ್ತು ಬಂದ್ ಇರುವ ಬೋರ್ಡಿನ ಫೋಟೋ ಕೈಯಲ್ಲಿರುತ್ತದೆ. ಮೊದಲ ಮಾತಿನಲ್ಲೇ ಏನಾಯಿತು ಅಂತ ಹೇಳಿ, ಎರಡನೇ ಮಾತಿನಲ್ಲಿ ಏನು ಬೇಕು ಅಂತ ಹೇಳಿ. "ಇದೇನು ಸರ್ವೀಸು ನಿಮ್ಮದು" ಅಂದರೆ ಎದುರಿನವರು ಏನು ಮಾಡಬೇಕು? ಅದೇ "ನೀರಿನ ರೈಡು ಬಂದ್ ಇದೆ, ಬುಕ್ ಮಾಡುವಾಗ ತಿಳಿಸಿರಲಿಲ್ಲ. ಅದರ ಬದಲು ಇನ್ನೊಂದು ದಿನದ ಪಾಸ್ ಕೊಡ್ತೀರಾ, ಇಲ್ಲ ಸ್ವಲ್ಪ ದುಡ್ಡು ವಾಪಸ್ ಮಾಡ್ತೀರಾ?" ಅಂದರೆ ಅವರಿಗೆ ಹೌದು ಅನ್ನೋಕೆ ಒಂದು ದಾರಿ ಸಿಗುತ್ತದೆ. ಅವರಿಗೆ ಅಧಿಕಾರ ಇಲ್ಲದಿದ್ದರೆ ಸಿಟ್ಟಾಗದೆ "ಇದನ್ನ ತೀರ್ಮಾನ ಮಾಡೋರು ಯಾರು, ಅವರನ್ನ ಇಲ್ಲಿಗೆ ಕರೀತೀರಾ?" ಅಂತ ಕೇಳಿ. ದಿನವಿಡೀ ಬೈಸಿಕೊಂಡು ನಿಂತವರು ಅವರು. ಅವರ ಮೇಲೆ ಕೂಗದವರಿಗೆ ಮ್ಯಾನೇಜರ್‌ಗೆ ಫೋನ್ ಹಚ್ಚಿ ಕೊಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇದನ್ನು ಅಲ್ಲೇ, ಅವತ್ತೇ ಮಾಡಿ. ಮನೆಗೆ ಬಂದಮೇಲೆ ಕೇಳಿದರೆ ನೀವು ಎಲ್ಲ ಆಡಿ ಮುಗಿಸಿ ಬಂದವರು ಅಂತ ಲೆಕ್ಕ ಆಗುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಯಾರ ಜೊತೆ, ಎಷ್ಟು ಗಂಟೆಗೆ ಮಾತಾಡಿದಿರಿ ಅಂತ ಬರೆದಿಟ್ಟುಕೊಂಡು, ಬುಕಿಂಗ್ ನಂಬರ್ ಹಾಕಿ ರಾತ್ರಿಯೇ ಒಂದು ಇಮೇಲ್ ಕಳಿಸಿ. ಇಮೇಲು ಚಿಕ್ಕದಿರಲಿ, ಫೋಟೋ ಜೊತೆಗಿರಲಿ, ಇಂಥ ತಾರೀಕಿನೊಳಗೆ ಉತ್ತರ ಬೇಕು ಅಂತ ಇರಲಿ. ಕಾರ್ಡಿನಲ್ಲಿ ದುಡ್ಡು ಕಟ್ಟಿದ್ದರೆ, ಬ್ಯಾಂಕಿನ ಮೂಲಕ ತಕರಾರು ಎತ್ತುವ ದಾರಿಯೂ ಸಾಮಾನ್ಯವಾಗಿ ಇರುತ್ತದೆ. ಅದಕ್ಕೆ ಗಡುವು ಇರುತ್ತದೆ, ತಡ ಮಾಡಬೇಡಿ.

ಮಕ್ಕಳ ಸುರಕ್ಷತೆಯ ವಿಷಯ ಮಾತ್ರ ಬೇರೆ. ಬೆಲ್ಟು ಸರಿಯಾಗಿ ಬೀಳುತ್ತಿಲ್ಲ, ಕಂಬಿ ಅಲ್ಲಾಡುತ್ತಿದೆ ಅನಿಸಿದರೆ ಸಂಕೋಚ ಬೇಡ. ರೈಡು ಶುರುವಾಗುವ ಮುಂಚೆ ಕೈ ಎತ್ತಿ ಜೋರಾಗಿ ಕೂಗಿ, ಕೆಳಗಿಳಿಯಿರಿ. ಅಲ್ಲಿ ಯಾರು ಏನು ಅಂದುಕೊಂಡರೂ ಪರವಾಗಿಲ್ಲ.

ಹೊರಬರುವಾಗ

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಜನರು 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡು, ಮೇಲೆ ಇನ್ನೂ 30 ಸೆಕೆಂಡು, ಆದರೆ ಆ ಕೊನೆಯ 30 ಸೆಕೆಂಡಿನಲ್ಲಿ ನೀರನ್ನು ಒಂಚೂರು ಬಿಸಿ ಮಾಡಿ 15 ಡಿಗ್ರಿಗೆ ತಂದರು. ಮತ್ತೊಂದು ಸಲ ಯಾವುದು ಮಾಡ್ತೀರಿ ಅಂತ ಕೇಳಿದರೆ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನೇ. ಕೊನೆ ಸ್ವಲ್ಪ ಹಿತವಾಗಿತ್ತು, ನೆನಪಿನಲ್ಲಿ ಉಳಿದದ್ದು ಅದು.

ಅದಕ್ಕೇ ನಾವು ಗೇಟು ಮುಚ್ಚುವವರೆಗೆ ಇರಲ್ಲ. ಸುಸ್ತಾಗಿ, ಹೊಟ್ಟೆ ಚುರುಗುಟ್ಟಿ, ಜಗಳ ಶುರುವಾಗುವ ಮುಂಚೆ ಹೊರಡುತ್ತೇವೆ. ಕೊನೆಯ ಆಟ ಹೊಸದಲ್ಲ, ಮಕ್ಕಳಿಗೆ ಆಗಲೇ ಇಷ್ಟವಾದದ್ದು, ಕ್ಯೂ ಇಲ್ಲದ್ದು. ಆಮೇಲೆ ಗೇಟಿನ ಹತ್ತಿರದ ಕೌಂಟರಿನಲ್ಲಿ ಐದು ನಿಮಿಷ ನಿಂತು, ಅವತ್ತು ನಮಗೆ ಸಹಾಯ ಮಾಡಿದವರ ಬಗ್ಗೆ ಬರೆಯುತ್ತೇವೆ. "ಸರ್ವೀಸ್ ಚೆನ್ನಾಗಿತ್ತು" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ಯಾವ ರೈಡು, ಎಷ್ಟು ಗಂಟೆ, ಬ್ಯಾಡ್ಜಿನಲ್ಲಿದ್ದ ಹೆಸರು, ಅವರು ಏನು ಮಾಡಿದರು, ಇಷ್ಟು ಇದ್ದರೆ ಅದು ಅವರ ಮೇಲಿನವರಿಗೆ ತಲುಪುತ್ತದೆ. ಎತ್ತರದ ಹಲಗೆಯ ದಿನ ಮಗಳಿಗೆ ಬರೆಯೋಕೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಅವಳು ಹೇಳಿದಳು, ನಾನು ಬರೆದೆ: "ದೋಣಿ ತೋರಿಸಿದ ಅಣ್ಣ ನನ್ನ ಹತ್ರ ಕೂತ್ಕೊಂಡು ಮಾತಾಡಿದ್ರು." ಕೆಳಗೆ ಅವಳೇ ಒಂದು ದೋಣಿ ಬಿಡಿಸಿದಳು.