ಡಬ್ಬಿ ಕೈಗೆ ತಗೊಳ್ಳುವ ಮುಂಚೆ: ಲಾರಿ ಡ್ರೈವರ್‌ಗಳ ಡ್ರಗ್ ಟೆಸ್ಟ್ ಬಗ್ಗೆ

ವಾರಕ್ಕೆ ಮೂರು ದಿನ ಬೆಳಗ್ಗೆ 6 ಗಂಟೆಗೆಲ್ಲ ನಾನು ವಸಂತನರಸಾಪುರದ ಕಡೆ ಯಾವುದಾದರೂ ಒಂದು ಕಂಪನಿ ಗೇಟಿನ ಹತ್ತಿರ ಇರುತ್ತೇನೆ. ಸೆಕ್ಯುರಿಟಿ ರೂಮಿನಲ್ಲಿ ಒಂದು ಟೇಬಲ್. ಅದರ ಮೇಲೆ ಗ್ಲೌಸು, ಮುಚ್ಚಳದ ಡಬ್ಬಿಗಳು, ಸೀಲ್ ಸ್ಟಿಕ್ಕರು, ಒಂದು ಕಟ್ಟು ಫಾರಂ. ಹೊರಗೆ ಲಾರಿಗಳ ಸಾಲು. ನಾನು ತುಮಕೂರಿನ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಡ್ರೈವರ್‌ಗಳ ಯೂರಿನ್ ಸ್ಯಾಂಪಲ್ ತಗೊಳ್ಳುವುದು ನನ್ನ ಕೆಲಸ. ನಮ್ಮಪ್ಪ ತಿಪಟೂರಿನಿಂದ ದಿಲ್ಲಿಗೆ ಕೊಬ್ಬರಿ ಲೋಡು ಒಯ್ಯುತ್ತಿದ್ದವರು. ತಮ್ಮ ಈಗಲೂ ಲಾರಿಯಲ್ಲೇ ಇದ್ದಾನೆ. ಹಾಗಾಗಿ ಟೇಬಲ್ಲಿನ ಈ ಕಡೆ ಕೂತಿದ್ದರೂ ಆ ಕಡೆ ನಿಂತವರ ಗಾಬರಿ ನನಗೆ ಗೊತ್ತು.

ಗಾಬರಿ ಯಾರಿಗೆ ಜಾಸ್ತಿ ಅಂದರೆ, ಏನೂ ತಗೊಳ್ಳದವರಿಗೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಕ್ಕ, ಡಿಎಲ್ ರಿನೀವಲ್‌ಗೆ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟಿದ್ದೀನಿ, ಮತ್ತೆ ಇದ್ಯಾಕೆ?" ಅದು ಬೇರೆ, ಇದು ಬೇರೆ. ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ ಕೊಡುವುದು ಫಾರಂ 1ಎ. ಕಣ್ಣು, ಕಿವಿ, ಕೈಕಾಲು ಸರಿಯಾಗಿವೆಯಾ ಅಂತ ಡಾಕ್ಟರು ನೋಡಿ ಬರೆಯುತ್ತಾರೆ. ಅದಕ್ಕೆ ಯೂರಿನ್ ಟೆಸ್ಟ್ ಬೇಕಿಲ್ಲ. ಲಾರಿ ಡ್ರೈವರ್‌ಗಳಿಗೆ ವರ್ಷಕ್ಕೆ ಇಷ್ಟು ಸಲ ಡ್ರಗ್ ಟೆಸ್ಟ್ ಆಗಲೇಬೇಕು ಅಂತ ನಮ್ಮ ಮೋಟಾರು ವಾಹನ ಕಾಯ್ದೆಯೂ ಹೇಳುವುದಿಲ್ಲ. ಗೇಟಿನಲ್ಲಿ ಮಾಡುವ ಟೆಸ್ಟ್ ಕಂಪನಿಯದು. ನಿಮ್ಮ ಓನರ್ ಸಹಿ ಹಾಕಿದ ಕಾಂಟ್ರಾಕ್ಟಿನಲ್ಲಿ ಅದು ಇರುತ್ತದೆ. ಎಷ್ಟೋ ಓನರ್‌ಗಳು ಆ ಪುಟ ಓದಿರುವುದೇ ಇಲ್ಲ. ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ: ಯಾವ ಯಾವ ಟೆಸ್ಟ್, ಯಾವಾಗ, ಫೇಲಾದರೆ ಎರಡನೇ ಟೆಸ್ಟ್ ಇದೆಯಾ, ಅದರ ದುಡ್ಡು ಯಾರದು.

ಈ ಪದ್ಧತಿಯಲ್ಲಿ ಬಹುಪಾಲು ಅಮೆರಿಕದಿಂದ ಬಂದದ್ದು. ಅಲ್ಲಿ ದೊಡ್ಡ ಟ್ರಕ್ ಓಡಿಸುವವರಿಗೆ ಇದು ಕಾನೂನೇ. ಗಾಂಜಾ, ಕೊಕೇನ್, ಆಂಫೆಟಮಿನ್ (ನಿದ್ದೆ ಓಡಿಸುವ ಜಾತಿಯದು), ಅಫೀಮಿನ ಜಾತಿಯವು, ಪಿಸಿಪಿ (ಭ್ರಮೆ ಹುಟ್ಟಿಸುವ ಒಂದು ಡ್ರಗ್) ಅಂತ ಐದು ಬಗೆ ನೋಡುತ್ತಾರೆ. ಕೆಲಸಕ್ಕೆ ಸೇರುವ ಮುಂಚೆ ಒಂದು ಸಲ, ದೊಡ್ಡ ಅಪಘಾತ ಆದರೆ 32 ಗಂಟೆಯೊಳಗೆ ಒಂದು ಸಲ, ಅನುಮಾನ ಬಂದರೆ ಇನ್ನೊಂದು ಸಲ. ಇದರ ಜೊತೆಗೆ ಚೀಟಿ ಎತ್ತಿದ ಹಾಗೆ ಯಾವಾಗ ಬೇಕಾದರೂ ಕರೆಯುವುದು. 2020ರಿಂದ ಈ ಚೀಟಿ ಟೆಸ್ಟ್ ವರ್ಷಕ್ಕೆ ಒಟ್ಟು ಡ್ರೈವರ್‌ಗಳ ಶೇ 50ರಷ್ಟಾದರೂ ಆಗಬೇಕು. ಒಬ್ಬನ ಹೆಸರೇ ವರ್ಷದಲ್ಲಿ ಎರಡು ಸಲ ಬಂದರೂ ಬಂತು. ಇಲ್ಲೂ ಹಾಗೇ. "ಹೋದ ತಿಂಗಳಷ್ಟೇ ಕೊಟ್ಟಿದ್ದೆ ಮೇಡಂ" ಅಂದರೆ ನಾನು ಏನೂ ಮಾಡೋಕಾಗಲ್ಲ.

ನಮ್ಮಲ್ಲಿ ಸಿಗುವ ಡ್ರಗ್ ಟೆಸ್ಟ್ ಕಿಟ್‌ಗಳಲ್ಲಿ ಪಿಸಿಪಿ ಬದಲು ಎಷ್ಟೋ ಸಲ ನಿದ್ದೆ ಮಾತ್ರೆಯ ಪಟ್ಟಿ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಹಗಲು ಲಾರಿಯಲ್ಲಿ ಮಲಗಲು ಆಗಲ್ಲ ಅಂತ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ಆಲ್ಪ್ರಜೊಲಾಮ್ ತಗೊಳ್ಳುವವರು ಇದ್ದಾರೆ. ಅದೂ ಕಾಣಿಸುತ್ತದೆ.

ಈಗ ಮುಖ್ಯ ವಿಷಯ. ಡಬ್ಬಿ ಕೈಗೆ ತಗೊಳ್ಳುವ ಮುಂಚೆ, ಕಳೆದ ಒಂದು ವಾರ ಹತ್ತು ದಿನದಲ್ಲಿ ತಗೊಂಡ ಔಷಧ ಎಲ್ಲ ಹೇಳಿ. ಫಾರಂನಲ್ಲಿ ಅದಕ್ಕೆ ಒಂದು ಸಾಲು ಇರುತ್ತದೆ. ಹತ್ತರಲ್ಲಿ ಎಂಟು ಜನ ಅಲ್ಲಿ ಗೀಟು ಎಳೆದು ಬಿಡುತ್ತಾರೆ. ನನ್ನ ತಮ್ಮನೂ ಹಾಗೇ ಮಾಡಿದ್ದ. ಅವನಿಗೆ ಹದಿನೈದು ದಿನದಿಂದ ಬಿಡದ ಕೆಮ್ಮು. ಡಾಕ್ಟರು ಬರೆದುಕೊಟ್ಟಿದ್ದ ಸಿರಪ್ಪಿನಲ್ಲಿ ಕೊಡೀನ್ ಇತ್ತು. ಕೊಡೀನ್ ಅಫೀಮಿನ ಮನೆತನದ್ದೇ. ಬೇರೆ ಊರಿನ ಒಂದು ಗೋಡೌನ್ ಗೇಟಿನಲ್ಲಿ ಅವನ ಟೆಸ್ಟ್ ಪಾಸಿಟಿವ್ ಬಂತು. ಆಮೇಲೆ ಸಿರಪ್ ಅಂದರೆ ಯಾರು ನಂಬುತ್ತಾರೆ? ಸಿಕ್ಕಿಬಿದ್ದ ಮೇಲೆ ಎಲ್ಲರೂ ಸಿರಪ್ ಅನ್ನುತ್ತಾರೆ. ಡಾಕ್ಟರ ಚೀಟಿ ಎಲ್ಲಿಟ್ಟಿದ್ದೀಯಾ ಅಂತ ಫೋನಿನಲ್ಲಿ ನಾನು ಕಿರುಚಿದ್ದೇ ಕಿರುಚಿದ್ದು. ಕೊನೆಗೆ ಕ್ಯಾಬಿನ್‌ನಲ್ಲಿ, ಗ್ಲಾಸಿನ ಮೇಲೆ ದೇವರ ಫೋಟೊ ಹಿಂದೆ, ಮಡಚಿ ಸಿಕ್ಕಿಸಿಟ್ಟಿದ್ದು ಸಿಕ್ಕಿತು. ಕಂಪನಿ ಡಾಕ್ಟರು ನೋಡಿ ಬಿಟ್ಟರು. ಅಷ್ಟರಲ್ಲಿ ನಾಲ್ಕು ದಿನದ ಬಾಡಿಗೆ ಹೋಗಿತ್ತು.

ಹಾಗಾಗಿ ಡಾಕ್ಟರ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಡಾಕ್ಟರಿಗೂ "ನಾನು ಲಾರಿ ಓಡಿಸ್ತೀನಿ" ಅಂತ ಮೊದಲೇ ಹೇಳಿ. ಕೊಡೀನ್ ಇಲ್ಲದ ಸಿರಪ್ ಬೇಕಾದಷ್ಟು ಇವೆ. ಟೆಸ್ಟ್ ಇರಲಿ ಬಿಡಲಿ, ಕೊಡೀನ್ ಕುಡಿದು ಶಿರಾ ದಾಟಿ ರಾತ್ರಿ ಹಿರಿಯೂರು ಕಡೆ ಗಾಡಿ ಓಡಿಸುವುದು ಒಳ್ಳೆಯದಲ್ಲ. ಕಣ್ಣು ಎಳೆಯುತ್ತದೆ.

ಇನ್ನು ಗಸಗಸೆ. ನಗಬೇಡಿ. ಮದುವೆ ಮನೆಯಲ್ಲಿ ಎರಡು ಲೋಟ ಗಸಗಸೆ ಪಾಯಸ ಕುಡಿದು ಮಾರನೇ ದಿನ ಡಬ್ಬಿ ಹಿಡಿದರೆ ಅಫೀಮಿನ ಪಟ್ಟಿಯಲ್ಲಿ ತೊಂದರೆ ಆಗಬಹುದು. ಗಸಗಸೆ ಅಫೀಮಿನ ಗಿಡದ ಬೀಜವೇ ಅಲ್ವಾ? ಅಮೆರಿಕದವರು ಮೊದಲು ಯೂರಿನ್‌ನಲ್ಲಿ ಅಫೀಮಿನ ಅಂಶ ಮಿಲಿಲೀಟರಿಗೆ 300 ನ್ಯಾನೊಗ್ರಾಂ ದಾಟಿದರೆ ಪಾಸಿಟಿವ್ ಅನ್ನುತ್ತಿದ್ದರು. 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ಅದಕ್ಕೆ ಒಂದು ಕಾರಣ ಈ ಗಸಗಸೆಯೇ. ನಮ್ಮಲ್ಲಿ ಮಾರುವ ಕಿಟ್‌ಗಳಲ್ಲಿ ಈಗಲೂ 300ರವು ಇವೆ. ಕಿಟ್ ಕವರಿನ ಮೇಲೆ ಬರೆದಿರುತ್ತದೆ, ಕೇಳಿದರೆ ತೋರಿಸುತ್ತೇವೆ. ಪಾಯಸ ಕುಡಿದಿದ್ದರೆ ಅದನ್ನೂ ಬರೆಸಿ. ನಾನು ಎರಡು ಸಲ ಬರೆದಿದ್ದೇನೆ.

ಗಾಂಜಾ ವಿಷಯ ನೇರವಾಗಿ ಹೇಳುತ್ತೇನೆ. ಅಪರೂಪಕ್ಕೆ ಒಂದು ಸಲ ಸೇದಿದರೆ ಮೂರು ನಾಲ್ಕು ದಿನ ಯೂರಿನ್‌ನಲ್ಲಿ ಕಾಣುತ್ತದೆ. ದಿನಾ ಸೇದುವವರಿಗೆ ಒಂದು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಅದು ಕೊಬ್ಬಿನಲ್ಲಿ ಕೂತು ನಿಧಾನವಾಗಿ ಇಳಿಯುತ್ತದೆ. ಉತ್ತರದ ಕಡೆ ಸಿಗುವ ಭಾಂಗ್ ಕೂಡ ಅದೇ ಗಿಡದ ಎಲೆ. "ಅದು ಅಂಗಡಿಯಲ್ಲೇ ಮಾರ್ತಾರೆ ಮೇಡಂ" ಅಂತ ಒಬ್ಬರು ವಾದ ಮಾಡಿದ್ದರು. ಅಂಗಡಿಯಲ್ಲಿ ಮಾರುತ್ತಾರೋ ಇಲ್ಲವೋ ಕಿಟ್ಟಿಗೆ ಗೊತ್ತಾಗಲ್ಲ.

ಟೆಸ್ಟ್ ದಿನ ಏನಾಗುತ್ತದೆ? ಡಿಎಲ್ ಅಥವಾ ಆಧಾರ್ ತೋರಿಸಬೇಕು. ಜೇಬು ಖಾಲಿ ಮಾಡಬೇಕು, ಜಾಕೆಟ್ ಹೊರಗಿಡಬೇಕು. ಒಳಗೆ ಹೋಗುವಾಗ ಒಬ್ಬರೇ. ನಾನು ಬಾಗಿಲ ಹೊರಗೆ, ನನ್ನ ಜೊತೆ ಒಬ್ಬ ಗಂಡಸು ಅಟೆಂಡರ್ ಇರುತ್ತಾನೆ. ಕಮೋಡಿನ ನೀರು ನೀಲಿಯಾಗಿರುತ್ತದೆ, ಅದು ಕ್ಲೀನಿಂಗಿಗಲ್ಲ. ಅಲ್ಲಿಂದ ನೀರು ತುಂಬಿಸಿಕೊಂಡು ಬಂದರೆ ಬಣ್ಣ ಹೇಳಿಬಿಡುತ್ತದೆ. ಡಬ್ಬಿಯ ಪಕ್ಕದಲ್ಲಿ ಒಂದು ಬಿಸಿ ತೋರಿಸುವ ಪಟ್ಟಿ ಇದೆ. ನೀವು ಕೈಗೆ ಕೊಟ್ಟ ನಾಲ್ಕು ನಿಮಿಷದೊಳಗೆ ನಾನು ಅದನ್ನು ನೋಡಬೇಕು. 32ರಿಂದ 38 ಡಿಗ್ರಿ ಒಳಗಿರಬೇಕು. ಕ್ಲೀನರ್ ಹುಡುಗನದ್ದು ಪ್ಲಾಸ್ಟಿಕ್ ಕವರಿನಲ್ಲಿ ತಂದವರನ್ನೂ ನೋಡಿದ್ದೇನೆ. ತಣ್ಣಗೆ 24 ಡಿಗ್ರಿ! ಜ್ವರ ಬಂದವನ ಹಾಗೆ ಬೆವರುತ್ತಿದ್ದ ಮನುಷ್ಯ, ಅವನ ಸ್ಯಾಂಪಲ್ ಮಾತ್ರ ಫ್ರಿಜ್ಜಿನಿಂದ ತೆಗೆದ ಹಾಗೆ.

ನೀರು ಕುಡಿದು ತೊಳೆದುಬಿಡ್ತೀನಿ ಅನ್ನೋದೂ ನಡೆಯಲ್ಲ. ಎರಡು ಮೂರು ಲೀಟರ್ ಒಂದೇ ಸಮ ಕುಡಿದರೆ ಯೂರಿನ್ ತೆಳುವಾಗುತ್ತದೆ. ಎಲ್ಲರ ಯೂರಿನ್‌ನಲ್ಲೂ ಇರುವ ಕ್ರಿಯಾಟಿನಿನ್ ಅನ್ನುವ ಅಂಶ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಲ್ಯಾಬಿನವರು ನೀರಾಗಿದೆ ಅಂತ ಬರೆಯುತ್ತಾರೆ. ಏನೂ ತಗೊಳ್ಳದವರೂ ಹೀಗೆ ಸಿಕ್ಕಿಕೊಂಡು ಎರಡನೇ ಸಲ ಬರಬೇಕಾಗುತ್ತದೆ. ಸುಮ್ನೆ ಎಂದಿನ ಹಾಗೆ ನೀರು, ಟೀ ಕುಡಿದು ಬನ್ನಿ. ಬರಲಿಲ್ಲ ಅಂದರೆ ನಾಚಿಕೆ ಬೇಡ, ಹೇಳಿ. ಸ್ವಲ್ಪ ನೀರು ಕೊಟ್ಟು ಕೂರಿಸುತ್ತೇವೆ. ಅಮೆರಿಕದ ನಿಯಮದಲ್ಲೂ ಮೂರು ಗಂಟೆ ಟೈಮ್ ಕೊಡುತ್ತಾರೆ.

ಡಬ್ಬಿ ಕೊಟ್ಟ ತಕ್ಷಣ ಹೊರಗೆ ಬೀಡಿ ಸೇದಲು ಹೋಗಬೇಡಿ. ಮುಚ್ಚಳದ ಮೇಲೆ ಸೀಲ್ ಅಂಟಿಸಿ, ಅದರ ಮೇಲೆ ನೀವು ಸಹಿ ಹಾಕುವವರೆಗೆ ಅದು ನಿಮ್ಮ ಕಣ್ಣೆದುರೇ ಇರಬೇಕು. ಸೀಲಿನ ನಂಬರೂ ಫಾರಂನ ನಂಬರೂ ಒಂದೇನಾ ನೋಡಿ. ಓದೋಕೆ ಬರಲ್ಲ ಅಂದರೆ ಓದಿ ಹೇಳು ಅಂತ ನನ್ನನ್ನೇ ಕೇಳಿ. ಎರಡು ಬಾಟಲಿಗೆ ಹಂಚುವ ಪದ್ಧತಿ ಇದ್ದರೆ ಇನ್ನೂ ಒಳ್ಳೆಯದು. ಒಂದರಲ್ಲಿ ಗೊಂದಲ ಆದರೆ ಇನ್ನೊಂದನ್ನು ಬೇರೆ ಲ್ಯಾಬಿಗೆ ಕಳಿಸಬಹುದು.

ಈಗ ಕಿಟ್ಟಿನ ಗೆರೆ. ಇಲ್ಲೇ ನಾನು ಒಂದು ದೊಡ್ಡ ತಪ್ಪು ಮಾಡಿದ್ದು. ಹೆಂಗಸರ ಪ್ರೆಗ್ನೆನ್ಸಿ ಕಿಟ್ಟಿನಲ್ಲಿ ಎರಡು ಗೆರೆ ಬಂದರೆ ಇದೆ ಅಂತ. ಡ್ರಗ್ ಕಿಟ್ಟಿನಲ್ಲಿ ಪೂರ್ತಿ ಉಲ್ಟಾ. ಎರಡು ಗೆರೆ ಬಂದರೆ ಇಲ್ಲ ಅಂತ. ಸಿ ಅಕ್ಷರದ ಎದುರು ಮಾತ್ರ ಗೆರೆ ಬಂದು ಟಿ ಎದುರು ಬರದಿದ್ದರೆ ಅನುಮಾನ. ಸಿ ಗೆರೆಯೇ ಬರದಿದ್ದರೆ ಕಿಟ್ಟೇ ಕೆಟ್ಟಿದೆ, ಬೇರೆ ತಗೊಳ್ಳಬೇಕು. ಟಿ ಗೆರೆ ಎಷ್ಟೇ ಮಸುಕಾಗಿದ್ದರೂ, ಕಣ್ಣು ಕಿರಿದು ಮಾಡಿ ನೋಡಿದರೆ ಕಂಡರೂ, ಅದು ಗೆರೆಯೇ, ನೆಗೆಟಿವ್ವೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಬ್ಬರ ಮಸುಕು ಗೆರೆಯನ್ನು ಇಲ್ಲ ಅಂತ ಓದಿಬಿಟ್ಟೆ. ಟ್ಯೂಬ್‌ಲೈಟ್ ಮಿಣುಕುತ್ತಿತ್ತು ಅನ್ನೋದು ನೆಪ. ಕೊಟ್ಟರೆ ಚಹಾ ಕೂಡ ಬೇಡ ಅನ್ನುವ, ಐವತ್ತು ದಾಟಿದ ಮನುಷ್ಯ. ಶಿರಾ ಕಡೆಯವರು. "ನಾನು ಬೀಡಿನೂ ಸೇದಲ್ಲ ಕಣಮ್ಮಾ" ಅಂದರು, ಅಷ್ಟೇ. ಜಗಳ ಆಡಲಿಲ್ಲ. ಅವರ ಲೋಡು ಬೇರೆ ಗಾಡಿಗೆ ಹೋಯಿತು. ಲ್ಯಾಬಿನ ದೊಡ್ಡ ಮೆಷಿನ್ನಿನಲ್ಲಿ ಏನೂ ಇಲ್ಲ ಅಂತ ಬಂದ ಮೇಲೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಈಗ ಗೆರೆಯನ್ನು ಡ್ರೈವರಿಗೂ ತೋರಿಸಿ, ಟೈಮ್ ಬರೆದು, ಫೋಟೊ ತೆಗೆದೇ ಮುಂದಿನ ಕೆಲಸ. ನೀವೂ ತೋರಿಸಿ ಅಂತ ಕೇಳಿ. ಕವರಿನಲ್ಲಿ ಬರೆದಷ್ಟು ನಿಮಿಷಕ್ಕೆ ಓದಬೇಕು, ಸಾಮಾನ್ಯವಾಗಿ ಐದು. ಅರ್ಧ ಗಂಟೆ ಬಿಟ್ಟು ಬಂದು ನೋಡಿದ್ದು ಲೆಕ್ಕಕ್ಕಿಲ್ಲ.

ಕಿಟ್ ಹೇಳುವುದು ಕೊನೆಯ ಮಾತಲ್ಲ. ಅದು ಜಾತಿಯನ್ನು ಗುರುತಿಸುತ್ತದೆ, ಆಸಾಮಿಯನ್ನಲ್ಲ. ಯಾವ ವಸ್ತು, ಎಷ್ಟು ಅಂತ ಖಚಿತವಾಗಿ ಹೇಳುವುದು ಜಿಸಿಎಂಎಸ್ ಅನ್ನುವ ಮೆಷಿನ್ ಅಥವಾ ಅದರಂಥದ್ದು. ಕಿಟ್ಟಿನಲ್ಲಿ ಅನುಮಾನ ಬಂದರೆ "ಕನ್ಫರ್ಮೇಶನ್‌ಗೆ ಕಳಿಸಿ" ಅನ್ನುವ ಎರಡು ಪದ ಬಾಯಿಗೆ ಬರಲಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡ ಅಂತ ಕಂಪನಿ ಹೇಳಿದರೆ ಒಪ್ಪಿಕೊಳ್ಳಿ. ಆದರೆ ತಪ್ಪಾಯಿತು ಅಂತ ಬರೆದ ಹಾಳೆಗೆ ಸಹಿ ಹಾಕಬೇಡಿ.

ಕುಡಿತದ ಟೆಸ್ಟ್ ಬೇರೆ. ಊದುವ ಮೆಷಿನ್ನಿಗೆ ಹೊಸ ಕೊಳವೆ ಹಾಕಿಸಿಕೊಳ್ಳಿ, ಕವರ್ ನಿಮ್ಮೆದುರೇ ಹರಿಯಲಿ. ಕಾನೂನಿನಲ್ಲಿ, ಅಂದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಅಪರಾಧ. ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕಂಪನಿ ಗೇಟಿನಲ್ಲಿ ಬಹಳ ಕಡೆ ಸೊನ್ನೆಯೇ ಬರಬೇಕು. ಸಿಕ್ಕಿಬೀಳುವವರು ಬೆಳಗ್ಗೆ ಕುಡಿದವರಲ್ಲ, ರಾತ್ರಿ ಕುಡಿದವರು. 11 ಗಂಟೆಗೆ ಒಂದು ಕ್ವಾರ್ಟರ್ ಮುಗಿಸಿದರೆ ಅದು ಪೂರ್ತಿ ಇಳಿಯಲು ಎಂಟರಿಂದ ಹತ್ತು ಗಂಟೆ ಬೇಕು. ಸ್ನಾನ, ಮಜ್ಜಿಗೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಯಾವುದೂ ಅದನ್ನು ಬೇಗ ಇಳಿಸಲ್ಲ. ಬಾಯಿ ಮುಕ್ಕಳಿಸುವ ಔಷಧ ಹಾಕಿಕೊಂಡಿದ್ದರೆ ಮಾತ್ರ 15 ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಿ ಅಂತ ಕೇಳಬಹುದು.

ರೋಡಿನಲ್ಲಿ ಪೊಲೀಸರು ಹಿಡಿದರೆ ಅದು ನನ್ನ ಟೇಬಲ್ಲಿನ ವಿಷಯ ಅಲ್ಲ. ಅಲ್ಲಿ ರಕ್ತ ತೆಗೆಯುವವರು ಡಾಕ್ಟರು. ಊದಲ್ಲ, ರಕ್ತ ಕೊಡಲ್ಲ ಅಂತ ಸುಮ್ನೆ ಹಟ ಮಾಡಿದರೆ ಆ ಹಟವೇ ಕೇಸಿನಲ್ಲಿ ನಿಮ್ಮ ವಿರುದ್ಧ ನಿಲ್ಲುತ್ತದೆ.

ಅಪ್ಪನ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ರಾಜಸ್ಥಾನದ ಢಾಬಾಗಳಲ್ಲಿ ನಿದ್ದೆ ಬರಬಾರದು ಅಂತ ಡೋಡಾ ಪುಡಿ, ಅಂದರೆ ಅಫೀಮು ಕಾಯಿಯ ಸಿಪ್ಪೆಯ ಪುಡಿ, ಟೀಗೆ ಹಾಕಿ ಕುಡಿಯುವವರನ್ನು ಅವರು ಎಷ್ಟೋ ನೋಡಿದ್ದಾರೆ. ತಾವು ಕುಡಿದಿದ್ದರಾ ಅಂತ ಒಂದು ಸಲ ಕೇಳಿದೆ. "ಮೂರು ದಿನಕ್ಕೆ ದಿಲ್ಲಿ ಮುಟ್ಟಬೇಕು ಅನ್ನೋರು ಸೇಟು. ಟೆಸ್ಟ್ ಅವರಿಗೆ ಮಾಡಬೇಕಿತ್ತು" ಅಂದರು. ಪ್ರಶ್ನೆಗೆ ಉತ್ತರ ಕೊಡಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ ಕೆಲಸ ಅಂತ ಬರೆದಿತ್ತು ಅಂತ ನಾನು ಹೇಳಿದ್ದಕ್ಕೆ ನಕ್ಕರು. ಓನರ್‌ಗಳು ಇದನ್ನು ಓದುತ್ತಿದ್ದರೆ, ಡ್ರೈವರನ್ನು ಡಬ್ಬಿ ಹಿಡಿಸಿ ನಿಲ್ಲಿಸುವ ಮೊದಲು ನಿಮ್ಮ ಟ್ರಿಪ್ಪಿನ ಟೈಮಿಂಗ್ ಒಮ್ಮೆ ನೋಡಿ.

ಕೊನೆಗೆ ಒಂದು ಚಿಕ್ಕ ವಿಷಯ. ನಮ್ಮ ಫಾರಂನಲ್ಲಿ ಮೂರು ಹಾಳೆ ಇರುತ್ತವೆ. ಬಿಳಿಯದು ಲ್ಯಾಬಿಗೆ, ಗುಲಾಬಿಯದು ಕಂಪನಿಗೆ. ಹಳದಿಯದು ನಿಮ್ಮದು. ಬಹಳ ಜನ ಅದನ್ನು ಟೇಬಲ್ ಮೇಲೆಯೇ ಬಿಟ್ಟು ಹೋಗುತ್ತಾರೆ. ಸಂಜೆ ಕಸದ ಜೊತೆ ನಾನೇ ಎತ್ತಿ ಹಾಕುತ್ತೇನೆ.