ನೀಲಿ ಬೆಳಕಲ್ಲಿ ಹವಳದ ಬಣ್ಣ ಹಿಡಿದಿದ್ದು: ನನ್ನ ಅನುಭವ

ಸಂಜೆ ಏಳಕ್ಕೆ ನಮ್ಮನೆ ಉಪ್ಪು ನೀರಿನ ಟ್ಯಾಂಕ್‌ನ ನೀಲಿ ಎಲ್‌ಇಡಿ ಹೊತ್ತಿಕೊಂಡರೆ ಜೋವಾಂಥಿಡ್‌ಗಳು (ಹವಳದ ಹತ್ತಿರದ ಸಂಬಂಧಿಗಳಾದ ಮೃದು ಜೀವಿಗಳು) ಕೆಂಡದ ಹಾಗೆ ಹೊಳೆಯುತ್ತವೆ. ಕ್ಯಾಮೆರಾದಲ್ಲಿ ನೋಡಿದರೆ ಬರೀ ನೀಲಿ. "ಆಗೋ ಕೆಲಸ ಅಲ್ಲ ಬಿಡಿ ಸಾರ್, ಎಲ್ಲರೂ ಕಂಪ್ಯೂಟರ್‌ನಲ್ಲಿ ಬಣ್ಣ ಹಚ್ಚೋದೇ" ಎಂದು ಕೋಲಾರದಲ್ಲಿ ಮೀನು ಸಾಕುವ ಗೆಳೆಯರು ಒಂದೂವರೆ ವರ್ಷ ಹೇಳಿದರು. ಈಗ ಅವರೇ ಫೋಟೊ ಕೇಳಿ ಫೋನಿಗೆ ಹಾಕಿಕೊಂಡಿದ್ದಾರೆ.

ನನ್ನ ಹತ್ತಿರ ಇರುವುದು ಜೋವಾಂಥಿಡ್, ಮಶ್ರೂಮ್ (ಅಣಬೆ ಆಕಾರದ ಮೃದು ಹವಳ), ಒಂದು ಜೋಡಿ ಕ್ಲೌನ್ ಮೀನು, ಒಂದು ಸೀಗಡಿ. ಕಲ್ಲು ಹವಳ ಇಟ್ಟಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಹೆಚ್ಚಿನ ರಕ್ಷಣೆ ಇರುವ ಮೊದಲ ಪಟ್ಟಿಯ ಜೀವ ಅದು, ನನಗೆ ಬೇಡ.

ಮೊದಲು ಬೆಂಗಳೂರಲ್ಲಿ ಹಳೇ 100 ಎಂಎಂ ಮ್ಯಾಕ್ರೋ ಲೆನ್ಸ್ (ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವಂಥದ್ದು) ತಂದೆ, 19 ಸಾವಿರದ ಆಸುಪಾಸು. ಚಿತ್ರ ಚೂಪಾಯಿತು, ನೀಲಿ ಹಾಗೇ ಉಳಿಯಿತು. ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ನನ್ನ ಕ್ಯಾಮೆರಾದಲ್ಲಿ 10,000 ಕೆಲ್ವಿನ್‌ಗೆ ನಿಂತುಬಿಡುತ್ತದೆ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆದರೂ ನೀಲಿ ಚಾನೆಲ್ ಆಗಲೇ ಉಕ್ಕಿ ಹೋಗಿರುತ್ತದೆ, ಕೆಂಪಿನಲ್ಲಿ ಬರೀ ಕಾಳು ಕಾಳು. ಆಮೇಲೆ ಸರಿಮಾಡೋಣ ಅಂದರೆ ಏನೂ ಉಳಿದಿರುವುದಿಲ್ಲ. ನೀಲಿಯನ್ನು ಲೆನ್ಸ್‌ನ ಬಾಗಿಲಲ್ಲೇ ತಡೆಯಬೇಕು.

ಪುಸ್ತಕದಂಗಡಿಯಿಂದ ಹತ್ತು ರೂಪಾಯಿಯ ಹಳದಿ ಜಿಲೇಟಿನ್ ಹಾಳೆ ತಂದು ಲೆನ್ಸ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದೆ. ಬಣ್ಣ ಬಂತು! ಆದರೆ ಎಣ್ಣೆ ಹಚ್ಚಿದ ಗಾಜಿನಿಂದ ನೋಡಿದ ಹಾಗೆ ಮಬ್ಬು. ದಾರಿ ಸರಿ ಇದೆ ಅಂತ ಅವತ್ತೇ ಗೊತ್ತಾಯಿತು. ಸುಮಾರು 1,500 ಕೊಟ್ಟು ಗಾಜಿನ ಹಳದಿ ಫಿಲ್ಟರ್ ತರಿಸಿದೆ. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ, ಅದು ಏನು ಅಂತ ಸದ್ಯಕ್ಕೆ ಹೇಳುವುದಿಲ್ಲ.

ಪಂಪ್ ನಿಲ್ಲಿಸಿ ಹತ್ತು ನಿಮಿಷ ಕಾಯುತ್ತೇನೆ, ಕಸ ಕೆಳಗೆ ಕೂರಬೇಕು. ಲೆನ್ಸ್ ಗಾಜಿಗೆ ನೇರವಾಗಿರಬೇಕು. ಸ್ವಲ್ಪ ಓರೆಯಾದರೂ ಅಂಚು ಸವರಿಕೊಂಡ ಹಾಗಾಗುತ್ತದೆ. ನನ್ನ ಟ್ರೈಪಾಡ್ ಟ್ಯಾಂಕ್‌ನ ತಳದ ಎತ್ತರಕ್ಕೆ ಇಳಿಯಲ್ಲ. ಮಾರ್ಕೆಟ್‌ನಿಂದ ತಂದ ಟೊಮೆಟೊ ಕ್ರೇಟ್ ಬೋರಲು ಹಾಕಿ, ಮೇಲೆ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು ಕ್ಯಾಮೆರಾ ಕೂರಿಸಿದೆ. ಅಲುಗುವುದೇ ಇಲ್ಲ. ಲೆನ್ಸ್ ಕಿಂಡಿ ಎಫ್ 8, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 400, ಶಟರ್ ಕಾಲು ಸೆಕೆಂಡ್ ಇರಬೇಕು. ಹೀಗೆ ತೆಗೆದ ಒಂದು ಪಾಲಿಪ್‌ನಲ್ಲಿ (ಗುಂಪಿನ ಒಂದು ಬಿಡಿ ಜೀವ) ಬಾಯಿ ಹಸಿರು, ಸುತ್ತ ಕಿತ್ತಳೆ ತಟ್ಟೆ, ಅಂಚಿನ ಒಂದೊಂದು ಎಳೆಯೂ ಬೇರೆ ಬೇರೆ ಎಣಿಸುವಷ್ಟು ಸ್ಪಷ್ಟ. ಈ ಜಿಲ್ಲೆಯಲ್ಲಿ ಇಂಥ ಫೋಟೊ ನಾನಂತೂ ಬೇರೆ ಕಡೆ ನೋಡಿಲ್ಲ.

ಗಾಜಿನ ಮಾತು ಬಂತಲ್ಲ, ಹೊರಗಡೆಯನ್ನು ನಮ್ಮ ಬೋರ್‌ವೆಲ್ ನೀರಲ್ಲಿ ಒರೆಸಲೇಬೇಡಿ. ಒಣಗಿದ ಮೇಲೆ ಬಿಳಿ ಚುಕ್ಕೆ ಕೂರುತ್ತದೆ, ಫೋಟೊದಲ್ಲಿ ಅದೇ ಮೊದಲು ಕಾಣುತ್ತದೆ. ಟ್ಯಾಂಕ್‌ಗೆ ಹಾಕುವ ಆರ್‌ಒ ನೀರನ್ನೇ ಬಟ್ಟೆಗೂ ಬಳಸಿ.

ಮೀನಿಗೆ ಈ ವಿಧಾನ ಆಗಲ್ಲ, ಅದು ನಿಲ್ಲಬೇಕಲ್ವಾ. ಫಿಲ್ಟರ್ ತೆಗೆದು, ಟ್ಯಾಂಕ್ ಮೇಲಿಂದ ಕೆಳಮುಖವಾಗಿ ಫ್ಲಾಶ್ ಹೊಡೆಯಬೇಕು. ಶಟರ್ 1/200 ಸೆಕೆಂಡ್, ಎಫ್ 11. ಮುಂದಿನಿಂದ ಹೊಡೆದರೆ ನೀರಿನ ಕಣಗಳೆಲ್ಲ ಮಂಜಿನ ಹಾಗೆ ಹೊಳೆಯುತ್ತವೆ. ಮೊದಲ ಫ್ಲಾಶ್ ಜಾರಿ ಉಪ್ಪು ನೀರಿಗೆ ಬಿತ್ತು, ಮೂರೂವರೆ ಸಾವಿರ ಹೋಯಿತು. ನೀರನ್ನೂ ಅರ್ಧ ಬದಲಾಯಿಸಿದೆ. ಈಗ ಫ್ಲಾಶ್‌ಗೆ ಜಿಪ್ ಕವರ್, ಮೇಲೊಂದು ದಾರ. ಬೆಳಕು ಹರಡಲು ಸ್ವೀಟ್ ಬಾಕ್ಸ್‌ನ ಬಿಳಿ ಮುಚ್ಚಳ, ಬಟರ್ ಪೇಪರ್, ಪಂಚೆ ಬಟ್ಟೆ ಎಲ್ಲ ನೋಡಿದೆ. ಬಟರ್ ಪೇಪರ್ ಗೆದ್ದಿತು. ಒಂದು ತಿಂಗಳು ಒಂದೇ ಮೂಲೆಯಲ್ಲಿ ಊಟ ಹಾಕಿದ್ದರಿಂದ ಹೆಣ್ಣು ಕ್ಲೌನ್ ಈಗ ಕ್ರೇಟ್ ಎಳೆದ ಸದ್ದಿಗೇ ಅಲ್ಲಿಗೆ ಬರುತ್ತದೆ.

ಬಾಕಿ ಇರುವುದು ಸೀಗಡಿ ಪೊರೆ ಬಿಡುವ ಚಿತ್ರ. ಕೆಂಪು ಟಾರ್ಚ್ ಇಟ್ಟುಕೊಂಡು ನಾಲ್ಕು ರಾತ್ರಿ ಕೂತೆ. ನಾಲ್ಕನೇ ದಿನ ಮೂರು ಗಂಟೆಗೆ ಸ್ವಲ್ಪ ಕಣ್ಣು ಮುಚ್ಚಿದ್ದೆ. ಎದ್ದು ನೋಡಿದರೆ ಖಾಲಿ ಪೊರೆ, ಮೀಸೆ ಸಮೇತ, ಕಲ್ಲಿನ ಮೇಲೆ ಬಿದ್ದಿತ್ತು.